ತೂಕದ ಚೀಟಿ ಓದಲಾರದ ತನಿಖೆ

ಕಳೆದ ಭಾನುವಾರ ನಮ್ಮ ಚಿತ್ತವಾಡ್ಗಿಯ ತರುಣನೊಬ್ಬನು, ತನಿಖಾ ಪತ್ರಿಕೋದ್ಯಮದ ಎರಡು ದಿವಸಗಳ ಶಿಬಿರವೊಂದನ್ನು ಮುಗಿಸಿಕೊಂಡು, ಬಹಳ ಉತ್ಸಾಹದಿಂದ ನನ್ನ ಮನೆಗೆ ಬಂದನು. ಅಂಗಿಯ ಗುಂಡಿಯಲ್ಲಿ ಕ್ಯಾಮೆರಾ ಅಡಗಿಸುವ ಬಗೆಯನ್ನೂ ಡ್ರೋನ್ ಹಾರಿಸುವ ಕ್ರಮವನ್ನೂ ಆತನು ಸವಿಸ್ತಾರವಾಗಿ ವರ್ಣಿಸಿದ ತರುವಾಯ, ಪಹಣಿ ಓದುವುದನ್ನು ಕಲಿಸಿದರೇನಪ್ಪಾ ಎಂದು ಕೇಳಿದೆನು. “ಇಲ್ಲ ಸರ್, ಅದೆಲ್ಲ ಕಚೇರಿಯವರ ಕೆಲಸವಲ್ಲವೇ?” ಎಂದನು. ಆ ಮಾತು ವಾರವೆಲ್ಲ ನನ್ನನ್ನು ಕುಟುಕುತ್ತಿದೆ. ತಪ್ಪು ಹುಡುಗನದಲ್ಲ, ಕಲಿಸಿದವರದು.

ಅಕ್ರಮ ಗಣಿಗಾರಿಕೆಯ ಕಾಲದಲ್ಲಿ ಸಂಡೂರಿನ ಬೆಟ್ಟಗಳು ಅದಿರಾಗಿ ಲಾರಿಯೇರಿ ಬೇಲೆಕೇರಿ ಬಂದರಿನ ಕಡಲು ಸೇರಿದ ಕಥೆಯನ್ನು ಈ ಸೀಮೆಯವರಿಗೆ ಮತ್ತೆ ಹೇಳಬೇಕಾಗಿಲ್ಲ; ಅದು ಕಾಗದಗಳಿಂದ ಬಯಲಾದ ರೀತಿಯನ್ನು ಮಾತ್ರ ಹೇಳಲೇಬೇಕು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯ ಹಿಂದೆ, ಸಾಗಣೆ ಪರ್ಮಿಟ್ಟಿನ ಲೆಕ್ಕವನ್ನೂ ಬಂದರಿನಿಂದ ರಫ್ತಾದ ಅದಿರಿನ ಲೆಕ್ಕವನ್ನೂ ಎದುರುಬದುರಾಗಿರಿಸಿ, ಎರಡರ ನಡುವಣ ಅಂತರವನ್ನು ಟನ್ನು ಟನ್ನಾಗಿ ಎಣಿಸಿದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡದ ಪರಿಶ್ರಮವಿತ್ತು. ಬೊಕ್ಕಸಕ್ಕಾದ ನಷ್ಟವು 16,000 ಕೋಟಿ ರೂಪಾಯಿಗಳನ್ನು ಮೀರಿತ್ತೆಂದು ತಿಳಿದದ್ದು ಆ ಎಣಿಕೆಯಿಂದಲೇ. ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು.

ನನಗೆ ಕಾಗದ ಓದುವ ಈ ವಿದ್ಯೆಯ ಮೊದಲಕ್ಷರ ತೋರಿಸಿದವನು ಒಬ್ಬ ಲಾರಿ ಚಾಲಕ. ಊರಿನ ಗಿಡಮರಗಳೆಲ್ಲ ಕೆಂಧೂಳಿನಿಂದ ಮುಚ್ಚಿಹೋಗಿದ್ದ ಆ ವರುಷಗಳಲ್ಲಿ, ಸಂಡೂರು ರಸ್ತೆಯ ಚಹದಂಗಡಿಯೊಂದರಲ್ಲಿ, ಆತನು ಜೇಬಿನಿಂದ ಎರಡು ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಹರವಿದನು: ಒಂದು ಪರ್ಮಿಟ್ಟು, ಇನ್ನೊಂದು ವೇಬ್ರಿಡ್ಜಿನದು. ಲಾರಿ ಒಂದೇ, ದಿನ ಒಂದೇ; ತೂಕ ಮಾತ್ರ ಬೇರೆ ಬೇರೆ. “ನೋಡ್ರಿ ಸರ, ನೀವ್ ಬರೀಬೇಕಾದ್ದು ಇದು” ಎಂದನು. ಅದುವರೆಗೆ ಧೂಳಿನ ವಿಷಯವಾಗಿ ಕಣ್ಣೀರಿನ ಲೇಖನಗಳನ್ನು ಬರೆಯುತ್ತಿದ್ದ ನನಗೆ, ಇಷ್ಟು ಕಾಲವೂ ಕೇಳಬೇಕಾದ ಕಾಗದವನ್ನು ಕೇಳಲೇ ಇಲ್ಲವಲ್ಲಾ ಎಂಬ ಪಶ್ಚಾತ್ತಾಪವು ಇಂದಿಗೂ ಉಳಿದಿದೆ.

ಅಂಥ ಕಾಗದವನ್ನು ಕೇಳಲು ಈಗ ದಾರಿಯೂ ಇದೆ: 2005ರ ಮಾಹಿತಿ ಹಕ್ಕು ಕಾಯಿದೆಯು ಕಾಗದದ ನಕಲನ್ನು ಮಾತ್ರವಲ್ಲ, ಕಚೇರಿಯಲ್ಲಿಯೇ ಕುಳಿತು ಕಡತವನ್ನು ಪರಿಶೀಲಿಸುವ ಅಧಿಕಾರವನ್ನೂ ಕೊಟ್ಟಿದೆ. ಅರ್ಜಿಗೆ 10 ರೂಪಾಯಿ. ಉತ್ತರಕ್ಕೆ 30 ದಿವಸ. ಶಿಬಿರ ನಡೆಸುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೇ: ಮುಂದಿನ ಸಲ ಕ್ಯಾಮೆರಾವನ್ನು ಊರಲ್ಲೇ ಬಿಟ್ಟು ಬನ್ನಿ, ಆ ಲೋಕಾಯುಕ್ತ ವರದಿಯನ್ನು ಹೊತ್ತು ತನ್ನಿ.