ಬೆಳ್ಳಿಯ ಕಪ್ಪು ಮತ್ತು ಸೊಸೆಯ ತವರು

ಕಳೆದ ಶ್ರಾವಣದಲ್ಲಿ ಜಮಖಂಡಿ ತಾಲೂಕಿನ ಒಂದು ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ದ್ರಾಕ್ಷಿ ಬೆಳೆಗಾರ. ಚಹಾ ಕುಡಿದ ಮೇಲೆ ಕರವಸ್ತ್ರದ ಗಂಟು ಬಿಚ್ಚಿ ಒಂದು ಜೊತೆ ಕಾಲುಚೈನುಗಳನ್ನು ಮೇಜಿನ ಮೇಲಿಟ್ಟ. ಮಗನ ಮದುವೆಯಲ್ಲಿ ಸೊಸೆಯ ತವರಿನವರು ಹಾಕಿದ್ದವು. ಎಂಟೇ ತಿಂಗಳಲ್ಲಿ ಅವು ಬಾಣಲೆಯ ತಳದಂತೆ ಕಪ್ಪಾಗಿದ್ದವು.

“ಸರ್, ನೀವು ಸೈನ್ಸ್ ಕಲಿಸಿದವ್ರು. ಇದು ಖರೇ ಬೆಳ್ಳಿ ಹೌದೋ ಅಲ್ಲೋ ನೀವಽ ಹೇಳ್ರಿ. ಮನ್ಯಾಗ ಸೊಸಿಗೆ ದಿನಾ ಒಂದು ಮಾತು ಬರಾಕತ್ತೇತಿ” ಎಂದ. ಮಾತು ಯಾರ ಬಾಯಿಂದ ಬರುತ್ತಿತ್ತೆಂಬುದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯವರೊಬ್ಬರು ಇದಕ್ಕೊಂದು ಉಪಾಯವನ್ನೂ ಸೂಚಿಸಿದ್ದರಂತೆ: “ರೋಡಿಯಂ ಪಾಲಿಶ್ ಮಾಡಿಸಿಬಿಡ್ರಿ, ಮತ್ತೆಂದೂ ಕಪ್ಪಾಗೂದಿಲ್ಲ.”

ಬೆಳ್ಳಿ ಕಪ್ಪಾದರೆ ಅದು ಕಳಪೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿಯಾಗಿದೆ. ಹಾಕಿಕೊಂಡವರ ಮೈ ಉಷ್ಣ, ಅವರಿಗೆ ದೃಷ್ಟಿ ತಾಗಿದೆ ಎನ್ನುವವರೂ ಉಂಟು. ಇವೆಲ್ಲದರ ಭಾರ ಬೀಳುವುದು ಸಾಮಾನ್ಯವಾಗಿ ಮನೆಗೆ ಹೊಸದಾಗಿ ಬಂದವಳ ಮೇಲೆ. ಆದುದರಿಂದ ಈ ವಿಷಯವನ್ನು ಕೇವಲ ಒಡವೆಯ ವಿಷಯವೆಂದು ನಾನು ತಿಳಿಯುವುದಿಲ್ಲ.

ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕವೊಂದರಿಂದಲೇ ಅದು ಕೆಡುವುದಿಲ್ಲ. ಅದರ ಹಗೆ ಗಂಧಕ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬೆಳ್ಳಿಯ ಮೇಲ್ಮೈ ಅದರೊಂದಿಗೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ತೇವವಿದ್ದರೆ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಸಾವಿರದಲ್ಲಿ 925 ಪಾಲು ಬೆಳ್ಳಿಯಿರುವ ಒಡವೆಗಳಲ್ಲಿ ಉಳಿದ ಪಾಲು ಹೆಚ್ಚಾಗಿ ತಾಮ್ರ. ಗಟ್ಟಿತನಕ್ಕಾಗಿ ಬೆರೆಸುವ ಆ ತಾಮ್ರದಿಂದ ಕಪ್ಪು ತುಸು ಬೇಗ ಹತ್ತುತ್ತದೆಯೆಂಬುದು ನಿಜ. ಆದರೆ ಕಪ್ಪಿನಿಂದ ಶುದ್ಧತೆಯನ್ನು ಅಳೆಯಲು ಬರುವುದಿಲ್ಲ.

ಹೀಗಾಗಿ ನಾನು ಕೇಳಿದ ಮೊದಲ ಪ್ರಶ್ನೆ, “ಇವನ್ನು ಎಲ್ಲಿ ಇಟ್ಟಿದ್ರಿ?” ಎಂಬುದು. ಸೊಸೆ ಸೀಮಂತಕ್ಕೆಂದು ತವರಿಗೆ ಹೋದಾಗ ಬಿಚ್ಚಿಟ್ಟು ಹೋಗಿದ್ದಳು. ಚೈನುಗಳು ಒಳಕೋಣೆಯ ಟ್ರಂಕಿನಲ್ಲಿ, ಕಂಬಳಿಯ ಮಡಿಕೆಯೊಳಗೆ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕುಳಿತಿದ್ದವು. ಅದೇ ಕೋಣೆಯಲ್ಲಿ ಮತ್ತೇನಿತ್ತು? ಬಳ್ಳಿಗೆ ಬೂದಿರೋಗ ಬಾರದಂತೆ ಉದುರಿಸುವ ಗಂಧಕದ ಪುಡಿಯ ಚೀಲಗಳು! ಉಣ್ಣೆಯಲ್ಲಿ ಗಂಧಕವಿದೆ, ರಬ್ಬರನ್ನು ಗಟ್ಟಿಗೊಳಿಸುವುದೂ ಗಂಧಕದಿಂದಲೇ. ಬೆಳ್ಳಿಯನ್ನು ಕಪ್ಪಾಗಿಸಲು ಪ್ರಯೋಗಶಾಲೆಯಲ್ಲಿ ನಾನು ಏರ್ಪಾಡು ಮಾಡಬೇಕಾಗಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡಲಾರೆ.

ಈ ಭಾಗದಲ್ಲಿ ದ್ರಾಕ್ಷಿ ತೋಟವಿಲ್ಲದವರೂ ಪಾರಾಗುವಂತಿಲ್ಲ. ಮುಧೋಳ, ಬೀಳಗಿಗಳ ಸುತ್ತಲಿನದು ಕಬ್ಬಿನ ಸೀಮೆ. ಕೊಳಚೆ ನೀರು ನಿಂತಲ್ಲಿ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದೇ. ರಬಕವಿ-ಬನಹಟ್ಟಿಯ ಓಣಿಗಳ ಗಟಾರಗಳೂ ಅದನ್ನು ಹೊರಹಾಕುತ್ತವೆ. ಉಳ್ಳಾಗಡ್ಡಿ ಹೆಚ್ಚುವ ಕೈಯ ಉಂಗುರಕ್ಕೂ ಗಂಧಕ ತಪ್ಪಿದ್ದಲ್ಲ.

ಇನ್ನು ರೋಡಿಯಂ. ಇದು ಪ್ಲಾಟಿನಂ ಬಳಗದ ಲೋಹ. ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಎಂಬ ವಿಜ್ಞಾನಿ ದಕ್ಷಿಣ ಅಮೆರಿಕದ ಪ್ಲಾಟಿನಂ ಅದಿರಿನಿಂದ ಇದನ್ನು ಬೇರ್ಪಡಿಸಿ 1804ರಲ್ಲಿ ಪ್ರಕಟಿಸಿದರು. ಇದರ ಲವಣಗಳು ಗುಲಾಬಿ ಬಣ್ಣದವಾದ್ದರಿಂದ ಗ್ರೀಕ್ ಭಾಷೆಯ ಗುಲಾಬಿಯ ಹೆಸರನ್ನೇ ಇಟ್ಟರು. ಇಂದು ಬಹುಪಾಲು ದಕ್ಷಿಣ ಆಫ್ರಿಕಾದ ಗಣಿಗಳಿಂದ ಬರುತ್ತದೆ. ಅದರಲ್ಲಿ ಹೆಚ್ಚಿನದು ವಾಹನಗಳ ಹೊಗೆ ಶುದ್ಧಿಗೊಳಿಸುವ ಸಾಧನಗಳಿಗೇ ಹೋಗುತ್ತದೆ. ಬೆಲೆಯಲ್ಲಿ ಬಂಗಾರವನ್ನೇ ಎಷ್ಟೋ ಸಲ ಹಿಂದೆ ಹಾಕಿದ ಲೋಹವಿದು. ಗಂಧಕಕ್ಕೆ ಇದು ಜಗ್ಗುವುದಿಲ್ಲ, ಬಹಳ ಗಟ್ಟಿ. ಆದ್ದರಿಂದ ವಿದ್ಯುತ್ತಿನ ಸಹಾಯದಿಂದ ಬೆಳ್ಳಿಯ ಮೇಲೆ ಇದರ ಪದರ ಕೂರಿಸಿದರೆ, ಆ ಪದರ ಇರುವಷ್ಟು ದಿನ ಬೆಳ್ಳಿ ಕಪ್ಪಾಗುವುದಿಲ್ಲ.

ತೊಡಕು ಇರುವುದು ಈ ‘ಇರುವಷ್ಟು ದಿನ’ ಎಂಬಲ್ಲಿ. ಒಡವೆಗಳ ಮೇಲಿನ ಲೇಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತಲೂ ತೆಳು. ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲು ಎನ್ನಿ. ವರ್ಷಕ್ಕೆ ನಾಲ್ಕು ಸಲ ತೊಡುವ ಕಿವಿಯೋಲೆಗೋ ಹರಳಿನ ಪದಕಕ್ಕೋ ಅದು ಸಾಕು. ಸಂದಿಗೊಂದಿಗಳನ್ನು ಉಜ್ಜಲಾಗದ ಸೂಕ್ಷ್ಮ ಕೆಲಸದ ಒಡವೆಗಳಿಗೆ ನಾನೂ ಬೇಡವೆನ್ನುವುದಿಲ್ಲ. ಆದರೆ ನಮ್ಮ ಮನೆಗಳ ಬೆಳ್ಳಿ ಯಾವುದು? ಹಗಲಿರುಳು ನೆಲಕ್ಕೆ ತಾಗುವ ಕಾಲುಂಗುರ, ಮಗುವಿನ ಉಡದಾರ, ಕೊರಳಲ್ಲಿ ಸದಾ ಇರುವ ಲಿಂಗದ ಕರಡಿಗೆ. ಕಾಲುಂಗುರದ ತಳದಲ್ಲಿ ಲೇಪ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಆಮೇಲೆ ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕಪ್ಪು, ತೊನ್ನು ಹತ್ತಿದಂತೆ. ಬರಿಯ ಬೆಳ್ಳಿಯಾದರೆ ಒಂದೇ ಸಮನೆ ಮಂಕಾಗುತ್ತಿತ್ತು, ಉಜ್ಜಿದರೆ ಒಂದೇ ಸಮನೆ ಬೆಳಗುತ್ತಿತ್ತು. ಚೈನಿನ ಕೊಂಡಿ ಮುರಿದು ಬೆಸುಗೆ ಹಾಕಿಸಿದರೂ ಅಲ್ಲಿಯ ಲೇಪ ಕೆಡುತ್ತದೆ. ಮತ್ತೆ ಹಾಕಿಸಲು ನಾನು ವಿಚಾರಿಸಿದ ಪತ್ತಾರರಿಬ್ಬರೂ ದೊಡ್ಡ ಊರಿಗೇ ಕಳಿಸಬೇಕೆಂದರು.

ಇದಕ್ಕೂ ದೊಡ್ಡ ಆಕ್ಷೇಪವೊಂದಿದೆ. ರೋಡಿಯಂ ಹೊಳಪು ಕೆಳಗಿರುವ ಲೋಹದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಿತ್ತಾಳೆಯ ಮೇಲೂ ಅದನ್ನು ಕೂರಿಸಬಹುದು. ತವರಿನ ಮರ್ಯಾದೆ ಉಳಿಯಲೆಂದು ಲೇಪ ಮಾಡಿಸಿದರೆ ಸುಳ್ಳು ನಂಬಿಕೆಗೇ ತಲೆಬಾಗಿದಂತಾಯಿತು. ಎರಡು ವರ್ಷಕ್ಕೆ ಲೇಪ ಸವೆದಾಗ ಅದೇ ಮಾತು ಮತ್ತೆ ಏಳುತ್ತದೆ. ಶುದ್ಧತೆ ತಿಳಿಯಬೇಕಾದರೆ ಹಾಲ್‌ಮಾರ್ಕ್ ನೋಡಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಬಂಗಾರಕ್ಕಿರುವಂತೆ ಆರಂಕಿಯ ಗುರುತು ಸಂಖ್ಯೆ ಬಂದಿದೆ. ಬಂಗಾರಕ್ಕಿದ್ದ ಕಡ್ಡಾಯವನ್ನು ಮಾತ್ರ ಆಗ ಬೆಳ್ಳಿಗೆ ತರಲಿಲ್ಲ. ಕೊಳ್ಳುವವರು ಕೇಳಬೇಕು. ಲೇಪವಿದ್ದರೆ ಪಾವತಿಯಲ್ಲಿ ಬರೆದುಕೊಡಿರೆಂದೂ ಕೇಳಬೇಕು. ನಮ್ಮ ಪೇಟೆಗೆ ಕಾಲುಚೈನು ಕೊಲ್ಹಾಪುರ ಜಿಲ್ಲೆಯ ಹುಪರಿಯಿಂದ ಬಂದರೂ ಸರಿ, ಬೇರೆಡೆಯಿಂದ ಬಂದರೂ ಸರಿ, ಆ ಚೀಟಿ ಮುಂದೊಂದು ದಿನ ಒಬ್ಬ ಹೆಣ್ಣುಮಗಳ ಪರವಾಗಿ ಸಾಕ್ಷಿ ಹೇಳೀತು.

ನನ್ನ ವಿದ್ಯಾರ್ಥಿಯ ಮುಂದೆಯೇ ಪ್ರಯೋಗ ಮಾಡಿದೆ. ನಮ್ಮ ಮನೆಯವರು ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯೊಂದನ್ನು ಗೊಣಗುತ್ತಲೇ ಕೊಟ್ಟರು. ಅದನ್ನು ಗಾಜಿನ ಬೋಗುಣಿಯಲ್ಲಿ ಹಾಸಿ, ಮೇಲೆ ಚೈನುಗಳನ್ನಿಟ್ಟು, ಎರಡು ಚಮಚ ಅಡಿಗೆ ಸೋಡಾ ಹಾಕಿ, ಕುದಿಯುವ ನೀರು ಸುರಿದೆ. ಬೆಳ್ಳಿ ಹಾಳೆಗೆ ತಾಗಿರಬೇಕು, ಅದು ಮುಖ್ಯ. ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತದೆ, ಬೆಳ್ಳಿ ಇದ್ದಲ್ಲೇ ಬೆಳ್ಳಿಯಾಗಿ ಉಳಿಯುತ್ತದೆ. ತುಸು ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬಂತು. “ಮೂಸಿ ನೋಡು, ಕಳ್ಳ ಸಿಕ್ಕ” ಎಂದೆ. ಹತ್ತು ನಿಮಿಷದಲ್ಲಿ ಚೈನು ಬೆಳ್ಳಗಾಗಿತ್ತು. ಹರಳು, ಮೀನಾ ಕೆಲಸ, ಒಳಗೆ ಅರಗು ತುಂಬಿದ ಒಡವೆಗಳಿಗೆ ಮಾತ್ರ ಈ ಬಿಸಿನೀರಿನ ಉಪಚಾರ ಸಲ್ಲದು. ಬೇಕೆಂದೇ ಕಪ್ಪಾಗಿಸಿದ ನಕ್ಷೆಯಿದ್ದರೆ ಅದೂ ಅಳಿಸಿ ಹೋಗುತ್ತದೆ.

ಹಲ್ಲಿನ ಪುಡಿ, ರಂಗೋಲಿ ಪುಡಿಗಳಿಂದ ತಿಕ್ಕುವುದನ್ನು ನಾನು ಒಪ್ಪುವುದಿಲ್ಲ; ಗೀರು ಬೀಳುತ್ತವೆ. ನಯವಾದ ವಿಭೂತಿ ಅಷ್ಟು ಕೆಡುಕಲ್ಲ. ರೋಡಿಯಂ ಇದ್ದರೆ ಅದೂ ಬೇಡ: ಮೆದು ಸಾಬೂನಿನ ನೀರು, ಮೆದು ಅರಿವೆ, ಅಷ್ಟೇ. ಇಡುವಾಗ ಚೆನ್ನಾಗಿ ಒರೆಸಿ ಒಣಗಿಸಿ, ಬಾಯಿ ಬಿಗಿಯಾಗುವ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು, ತೇವ ಹೀರಲು ಜೊತೆಗೊಂದು ಸೀಮೆಸುಣ್ಣದ ತುಂಡು. ಎಲ್ಲಕ್ಕಿಂತ ಮೇಲಾದುದು ದಿನವೂ ತೊಡುವುದು. ಅರಿವೆಯ ಉಜ್ಜಾಟಕ್ಕೆ ಕಪ್ಪು ನಿಲ್ಲುವುದಿಲ್ಲ.

ಅವನು ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದೆ: “ಆ ಟ್ರಂಕಿನ್ಯಾಗ ನಿಮ್ಮ ಮನಿಯವರ ಬೆಳ್ಳಿ ಏನರ ಐತೇನು?” ತುಸು ಯೋಚಿಸಿ ನಕ್ಕ. ಹೆಂಡತಿ ತನ್ನ ತವರಿನಿಂದ ತಂದ ಆರತಿ ತಟ್ಟೆ ಅಲ್ಲೇ ಇತ್ತು, ಅದೂ ಕಪ್ಪಾಗಿ ಕುಳಿತಿತ್ತು. ಅದಕ್ಕೆ ಮನೆಯಲ್ಲಿ ‘ಹಳೇ ಬೆಳ್ಳಿ’ ಎಂದು ಹೆಸರು! ಹಾಳೆಯ ಸುರುಳಿಯನ್ನೂ ನಾಲ್ಕು ಸೀಮೆಸುಣ್ಣಗಳನ್ನೂ ಅವನ ಕೈಗಿತ್ತು, ತಟ್ಟೆಯನ್ನೂ ಚೈನನ್ನೂ ಒಟ್ಟಿಗೇ ಮನೆಯವರೆಲ್ಲರ ಎದುರು ತೊಳೆಯಲು ಹೇಳಿ ಕಳಿಸಿದೆ. ದೀಪಾವಳಿಗೆ ಫೋನು ಮಾಡಿದ್ದ. ಗಂಧಕದ ಚೀಲಗಳು ತೋಟದ ಪಂಪ್‌ಸೆಟ್ ಮನೆಗೆ ಹೋಗಿವೆಯಂತೆ. ಸೊಸೆ ಬಾಣಂತನ ಮುಗಿಸಿ ಬರುವಾಗ ಆ ಚೈನುಗಳನ್ನೇ ಹಾಕಿಕೊಂಡು ಬರಲಿ ಎಂದು ಅತ್ತೆಯೇ ತವರಿಗೆ ಕಳಿಸಿಕೊಟ್ಟಿದ್ದಾಳಂತೆ.