ಕಣ್ಣಿನ ಪಟಲದ ಪುನರುಜ್ಜೀವನ: ಲೆಕ್ಕಪರಿಶೋಧಕನೊಬ್ಬನ ನೋಟ

2021ರ ಅಕ್ಟೋಬರ್‌ನಲ್ಲಿ ಚಿತ್ರನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ, ಅವರ ಕುಟುಂಬದವರು ಮಾಡಿದ ನೇತ್ರದಾನದಿಂದ ನಾಲ್ವರಿಗೆ ದೃಷ್ಟಿ ದೊರೆತ ಸಂಗತಿ ಸದಸ್ಯರಿಗೆ ನೆನಪಿರಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಗಳನ್ನು, ಮೇಲ್ಪದರ ಮತ್ತು ಒಳಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಕಚ್ಚಾ ಸಾಮಗ್ರಿ ವಿರಳವಾದಾಗ ಇಳುವರಿ ಹೆಚ್ಚಿಸಬೇಕೆಂಬ ವಾಣಿಜ್ಯದ ಹಳೆಯ ಪಾಠವೇ ಇಲ್ಲಿಯೂ ಇದೆ.

ಪುನರುಜ್ಜೀವಕ ಚಿಕಿತ್ಸೆಯು ಇದೇ ದಾರಿಯ ಮುಂದಿನ ಹೆಜ್ಜೆ. ಫುಕ್ಸ್ ಎಂಬ ಕಾಯಿಲೆಯಲ್ಲಿ ಪಟಲದ ಒಳಪದರದ ಜೀವಕೋಶಗಳು ಕ್ರಮೇಣ ಕ್ಷೀಣಿಸುತ್ತವೆ. ಪಟಲದಲ್ಲಿ ನೀರು ಸೇರಿ ನೋಟ ಮಸುಕಾಗುತ್ತದೆ. ಜಪಾನಿನ ಕ್ಯೋಟೋದ ಡಾ. ಶಿಗೆರು ಕಿನೋಶಿತಾ ಮತ್ತು ಅವರ ಸಹೋದ್ಯೋಗಿಗಳು ದಾನಿಗಳ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಪಡಿಸಿ, ಸೂಜಿಯ ಮೂಲಕ ಕಣ್ಣಿನೊಳಗೆ ಸೇರಿಸಿದರು. 11 ರೋಗಿಗಳಲ್ಲಿ ಕಂಡ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 2023ರಲ್ಲಿ ಜಪಾನ್ ಇಂತಹ ಚಿಕಿತ್ಸೆಗೆ ಅನುಮೋದನೆ ನೀಡಿತು. ಒಬ್ಬ ದಾನಿಯ ಕೋಶಗಳು ಅನೇಕರಿಗೆ ಉಪಯೋಗವಾಗುವ ಬಾಗಿಲು ಹೀಗೆ ತೆರೆಯಿತು.

ಕೆರಟೋಕೋನಸ್ ಎಂಬುದು ಯೌವನದಲ್ಲಿಯೇ ಕಾಡುವ ಇನ್ನೊಂದು ವ್ಯಾಧಿ. ಪಟಲ ತೆಳುವಾಗಿ ಶಂಕುವಿನಂತೆ ಮುಂಚಾಚುತ್ತದೆ. ನನ್ನ ಕಕ್ಷಿದಾರರೊಬ್ಬರ ಕಾರ್ಖಾನೆಯಲ್ಲಿ ಮೂವತ್ತು ತುಂಬದ ಲೇತ್ ಕೆಲಸಗಾರನೊಬ್ಬ ಇದರಿಂದ ಅಳತೆಗೋಲು ಓದಲಾಗದೆ, ಕಡಿಮೆ ಸಂಬಳದ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕಾಯಿತು. ಆ ನಷ್ಟ ನಾನು ಸಹಿ ಮಾಡಿದ ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸಲಿಲ್ಲ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಜ್ಞಾನಿಗಳು ಹಂದಿಯ ಚರ್ಮದ ಕೊಲಾಜೆನ್‌ನಿಂದ ಸಿದ್ಧಪಡಿಸಿದ ಪಟಲವನ್ನು ಇರಾನ್ ಮತ್ತು ಭಾರತದ ಇಂತಹ 20 ರೋಗಿಗಳಿಗೆ ಅಳವಡಿಸಲಾಯಿತು. ಅವರಲ್ಲಿ ಅಂಧರಾಗಿದ್ದ 14 ಮಂದಿಗೂ ದೃಷ್ಟಿ ಮರಳಿತೆಂದು 2022ರಲ್ಲಿ ವರದಿಯಾಯಿತು. ಇಪ್ಪತ್ತು ಸಣ್ಣ ಸಂಖ್ಯೆ. ವಿಸ್ತೃತ ಪರೀಕ್ಷೆ ಅಗತ್ಯ. ಪ್ರಯೋಗದ ಹಂತದ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಂತೂ ಸಲ್ಲದು.

ಹಾಗಾದರೆ ಈ ಪರೀಕ್ಷೆಗಳ ವೆಚ್ಚ ಭರಿಸುವವರು ಯಾರು? 1961ರ ಆದಾಯ ತೆರಿಗೆ ಕಾಯ್ದೆಯ 35(2ಎಬಿ) ಕಲಮಿನಡಿ ಕಂಪನಿಗಳ ಆಂತರಿಕ ಸಂಶೋಧನಾ ವೆಚ್ಚಕ್ಕೆ ಒಮ್ಮೆ ಶೇ. 200ರಷ್ಟು ಕಡಿತವಿತ್ತು. ಅದು 2017-18ರಿಂದ ಶೇ. 150ಕ್ಕೆ, 2020-21ರಿಂದ ಶೇ. 100ಕ್ಕೆ ಇಳಿಯಿತು. ಫಲ ಕೊಡಲು ಹತ್ತಾರು ವರ್ಷ ಹಿಡಿಯುವ ಕ್ಷೇತ್ರಕ್ಕೆ ಇದು ಹಿನ್ನಡೆ. ಆದರೆ 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯು ಸರ್ಕಾರಿ ಅನುದಾನಿತ ವೈದ್ಯಕೀಯ ಸಂಶೋಧನೆಗೆ ಸಾಮಾಜಿಕ ಹೊಣೆಗಾರಿಕೆಯ ನಿಧಿ ನೀಡಲು ಅವಕಾಶ ಕಲ್ಪಿಸಿದೆ. ಮಾರ್ಚ್ ತಿಂಗಳಲ್ಲಿ ತರಾತುರಿಯಿಂದ ಚೆಕ್ ಬರೆಯುವ ಬದಲು, ಅದರ ಒಂದು ಪಾಲನ್ನು ಸತತ ಮೂರು ವರ್ಷ ಇಂತಹ ಒಂದೇ ಯೋಜನೆಗೆ ಮೀಸಲಿಡುವುದು ಲೇಸು.

ಅಲ್ಲಿಯವರೆಗೆ ನೇತ್ರದಾನಕ್ಕೆ ಪರ್ಯಾಯವಿಲ್ಲ; ಪ್ರಯೋಗಾಲಯದಲ್ಲಿ ಬೆಳೆಸುವ ಕೋಶಕ್ಕೂ ದಾನಿಯ ಕಣ್ಣೇ ಮೂಲ ಬಂಡವಾಳ. ನಮ್ಮ ಸಂಸ್ಥೆಯು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಪ್ರತಿಜ್ಞಾಪತ್ರಗಳನ್ನು ಮೇಜಿನ ಮೇಲಿಡಲಿ ಎಂಬುದು ನನ್ನ ವಿನಮ್ರ ಸಲಹೆ. ಮೊದಲ ಸಹಿ ನನ್ನದಿರಲಿ.