ತವರಿನ ದುಡ್ಡಲ್ಲಿ ಕಂತು ಮುಗಿಸುವ ಮುನ್ನ

ಕಂತಿನ ದಿನ ಬಂತೆಂದರೆ ಕೆಲವು ಮನೆಗಳಲ್ಲಿ ಬೆಳಗಿನ ಚಹಾ ಕೂಡ ಗಂಟಲಲ್ಲಿ ಇಳಿಯುವುದಿಲ್ಲ. ಗಂಡನ ಅಂಗಡಿಗೋ, ಮಗಳ ಕಾಲೇಜು ಫೀಸಿಗೋ, ಅತ್ತೆಯ ಆಪರೇಷನ್ನಿಗೋ ತೆಗೆದ ಸಾಲ. ಸಹಿ ಮಾತ್ರ ನಿಮ್ಮದು. ಹಾಗಾಗಿ ಬಾಗಿಲಿಗೆ ಬಂದವರು ಕೂಗುವುದೂ ನಿಮ್ಮ ಹೆಸರನ್ನೇ! ಹೀಗಿರುವಾಗ ಒಂದು ದಿನ ತಮ್ಮ ಊರಿಂದ ಬರ್ತಾನೆ. ನಿಮ್ಮ ಮುಖ ನೋಡಿದವನೇ, 'ಯಕ್ಕಾ, ಇನ್ನಾ ಎಷ್ಟ್ ಉಳದೈತಿ ಹೇಳು, ನಾನ ಒಂದ ಸಲಕ್ಕ ಕಟ್ಟಿ ಮುಗಿಸ್ತೀನಿ' ಅಂತಾನೆ. ಕಣ್ಣಲ್ಲಿ ನೀರು ಬರೋದು ಸಹಜ. ನೀರು ಒರೆಸಿಕೊಂಡ ಮೇಲೆ ಒಂದು ಪೆನ್ನು, ಒಂದು ಹಾಳೆ ತಗೊಂಡು ಕೂತ್ಕೊಳ್ಳಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ ಒಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ತಾಲ್ಲೂಕುಗಳೆಲ್ಲ ಇವೇ. ಮಳೆ ಕೈಕೊಟ್ಟರೆ ಹಳ್ಳಿಯಲ್ಲಿ ಹೊಲ ಒಣಗುತ್ತದೆ, ಪೇಟೆಯಲ್ಲಿ ಅಂಗಡಿಯ ಗಲ್ಲಾ ಒಣಗುತ್ತದೆ. ಕಂತು ಮಾತ್ರ ಮಳೆ ನೋಡಿ ಬರುವುದಿಲ್ಲ. ಇಲ್ಲಿ ತವರಿನವರೋ ನಾದಿನಿಯೋ ಓರಗಿತ್ತಿಯೋ ಮುಂದೆ ಬಂದು ಸಾಲ ತೀರಿಸಿಕೊಡುವುದು ಹೊಸದೇನಲ್ಲ. ಆದರೆ ಹಾಗೆ ತೀರಿದ ಸಾಲ ನಿಜಕ್ಕೂ ತೀರಿತೋ, ಇಲ್ಲಾ ಮನೆ ಬದಲಾಯಿಸಿತೋ ಅನ್ನುವುದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ.

ಲೆಕ್ಕಕ್ಕೆ ಕೊಟ್ಟೂರಿನ ಒಂದು ಮನೆ ಇಟ್ಟುಕೊಳ್ಳೋಣ. ಸಂಘದ ಗುಂಪಿನಲ್ಲಿ ತೆಗೆದ ಸಾಲ 60,000 ರೂಪಾಯಿ. ವರ್ಷಕ್ಕೆ ಶೇ 24 ಬಡ್ಡಿ, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಎರಡು ವರ್ಷದ ಅವಧಿ. ತಿಂಗಳ ಕಂತು ಸುಮಾರು 3,172 ರೂಪಾಯಿ ಆಗುತ್ತದೆ. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಉಳಿದ ಅಸಲು ಸುಮಾರು 33,550. ಸುಮ್ಮನೆ ಕಂತು ಕಟ್ಟುತ್ತಾ ಹೋದರೆ ಇನ್ನೂ 38,070 ಕಟ್ಟಬೇಕು. ಅಂದರೆ ಇವತ್ತೇ ಮುಗಿಸಿದರೆ ನಾಲ್ಕೂವರೆ ಸಾವಿರ ಉಳಿಯುತ್ತದೆ. ಅದೇ ಹದಿನೆಂಟು ಕಂತು ಕಟ್ಟಿದ ಮೇಲೆ ಮುಗಿಸಿದರೆ? ಉಳಿಯೋದು 1,265 ರೂಪಾಯಿ ಅಷ್ಟೆ! ಬಡ್ಡಿಯ ಹೆಚ್ಚಿನ ಪಾಲು ಮೊದಲ ಕಂತುಗಳಲ್ಲೇ ಹೋಗಿಬಿಟ್ಟಿರುತ್ತದೆ ನೋಡಿ.

ಈಗ ತಮ್ಮನ ದುಡ್ಡು ಎಲ್ಲಿಂದ ಬಂತು ಕೇಳಿ. ಕೇಳೋಕೆ ಸಂಕೋಚ, ಗೊತ್ತು. ಆದರೂ ಕೇಳಿ. ಅವನ ಉಳಿತಾಯದ ಹಣವಾದರೆ ಸರಿ. ಪಾಪ, ಅಕ್ಕನ ಮೇಲಿನ ಪ್ರೀತಿಗೆ ಅವನೇ ಯಾರ ಹತ್ತಿರವೋ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದಿದ್ದರೆ? ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು. 33,550ಕ್ಕೆ ಒಂದು ವರ್ಷದ ಬಡ್ಡಿಯೇ ಹನ್ನೆರಡು ಸಾವಿರ, ಅಸಲು ಹಾಗೇ ಕೂತಿರುತ್ತದೆ. ನಾಲ್ಕೂವರೆ ಸಾವಿರ ಉಳಿಸಲು ಹೋಗಿ ತವರಿನ ಮೇಲೆ ಹನ್ನೆರಡು ಸಾವಿರ ಹೇರಿದ ಹಾಗಾಯಿತು. ಅಂಥ ಸಹಾಯಕ್ಕಿಂತ, 'ಎರಡು ತಿಂಗಳ ಕಂತಿಗೆ ಮಾತ್ರ ಕೈಗಡ ಕೊಡಪ್ಪಾ' ಅನ್ನುವುದೇ ಮೇಲು.

ದುಡ್ಡು ಸರಿಯಾದದ್ದೇ ಅಂತಾದರೆ ಮುಂದಿನ ಭಯ, 'ಅವಧಿಗೆ ಮೊದಲೇ ಕಟ್ಟಿದರೆ ದಂಡ ಹಾಕ್ತಾರಂತೆ' ಅನ್ನೋದು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಮೈಕ್ರೋಫೈನಾನ್ಸ್ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕಿನ ಈ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬಡ್ಡಿ ದರ ಬದಲಾಗುತ್ತಾ ಹೋಗುವಂಥ ಮನೆ ಸಾಲದಂತಹ ವೈಯಕ್ತಿಕ ಸಾಲಗಳಿಗೂ ಅಂಥದೇ ರಕ್ಷಣೆ ಇದೆ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣಗೊಂಡ ಇಂಥ ಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಿದೆ: ತೀರಿಸುವ ಹಣ ಎಲ್ಲಿಂದ ಬಂದರೂ ದಂಡವಿಲ್ಲ. ನಿಮ್ಮ ಉಳಿತಾಯವೋ, ತಮ್ಮನ ದುಡ್ಡೋ, ಇನ್ನೊಂದು ಬ್ಯಾಂಕಿನದೋ, ಅದನ್ನು ಅವರು ಕೇಳುವಂತಿಲ್ಲ. ಬಡ್ಡಿ ದರ ಬದಲಾಗದ ಸಾಲಕ್ಕೆ ಮಾತ್ರ ನಿಮ್ಮ ಕರಾರು ಪತ್ರ ತೆಗೆದು ನೋಡಬೇಕಾಗುತ್ತದೆ.

ಕಟ್ಟುವ ಮೊದಲು 'ಇಂಥ ದಿನಾಂಕಕ್ಕೆ ಇಷ್ಟು ಕಟ್ಟಿದರೆ ಸಾಲ ಪೂರ್ತಿ ಮುಗಿಯುತ್ತದೆ' ಅಂತ ಶಾಖೆಯಿಂದ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿಮಾತು ಬೇಡ. ಕಂತು ವಸೂಲಿಗೆ ಬರುವ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಒಟ್ಟು ಹಣವನ್ನು ಅವನ ಕೈಗೆ ಇಡಬೇಡಿ. ತಮ್ಮನ ಖಾತೆಯಿಂದ ನಿಮ್ಮ ಖಾತೆಗೆ, ಅಲ್ಲಿಂದ ಸಾಲದ ಖಾತೆಗೆ ಹೋಗಲಿ. ಸಾಲ ಅಂತ ಪಡೆಯುವುದಾದರೆ 20,000 ಮತ್ತು ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ, ಅದೂ ನೆನಪಿರಲಿ. ಗುಂಪಿನ ಸಾಲವಾದರೆ ಇನ್ನೊಂದು ಪ್ರಶ್ನೆ: ನನ್ನ ಸಾಲ ಮುಗಿದ ಮೇಲೆ ಉಳಿದ ಹೆಂಗಸರ ಸಾಲಕ್ಕೆ ನನ್ನ ಜಾಮೀನು ಮುಂದುವರಿಯುತ್ತದಾ? ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಕಂತು ತಪ್ಪಿ ಸಾಲ ಸುಸ್ತಿಯಾಗಿದ್ದರೆ, 'ಇಷ್ಟು ಕೊಡಿ ಸಾಕು, ಉಳಿದದ್ದು ಬಿಡ್ತೀವಿ' ಅನ್ನುವ ರಾಜಿ ಮಾತೂ ಬರಬಹುದು. ಕೇಳಲು ಹಿತ. ಆದರೆ ಪೂರ್ತಿ ಕಟ್ಟಿದ ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲಿ 'ಕ್ಲೋಸ್ಡ್' ಅಂತ ಕಾಣುತ್ತದೆ, ರಾಜಿಯಲ್ಲಿ ಮುಗಿಸಿದ್ದು 'ಸೆಟಲ್ಡ್' ಅಂತ. ರಾಜಿ ಮಾಡಿಕೊಂಡವರಿಗೆ, ಕೃಷಿ ಸಾಲ ಬಿಟ್ಟು ಉಳಿದವುಗಳಲ್ಲಿ, ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ ಎಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ನಾಳೆ ಮಗನ ಓದಿಗೆ ಸಾಲ ಬೇಕಾಗುವ ಮನೆಗೆ ಇದು ಸಣ್ಣ ಮಾತಲ್ಲ. ತಮ್ಮ ಇನ್ನೊಂದೈದು ಸಾವಿರ ಸೇರಿಸಿದರೆ ಪೂರ್ತಿ ಮುಗಿಯುತ್ತೆ ಅಂತಿದ್ದರೆ, ಪೂರ್ತಿ ಮುಗಿಸಿಕೊಳ್ಳಿ.

ಸರ್ಕಾರವೇ ಮಧ್ಯೆ ಬಂದು ಕೈ ಹಿಡಿದದ್ದೂ ಉಂಟು. 2023ರ ಬರದ ನಂತರ, ಆ ವರ್ಷದ ಡಿಸೆಂಬರ್ ಕೊನೆಗೆ ಸುಸ್ತಿಯಾಗಿದ್ದ ಸಹಕಾರ ಸಂಘಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಕ್ಕೆ, ಗಡುವಿನೊಳಗೆ ಅಸಲು ಕಟ್ಟಿದರೆ ಬಡ್ಡಿ ಮನ್ನಾ ಅಂತ ರಾಜ್ಯ ಸರ್ಕಾರ ಘೋಷಿಸಿತ್ತು. ನಿಮ್ಮ ಮಾವನವರ ಹೆಸರಲ್ಲಿ ಅಂಥ ಸಾಲವಿದ್ದರೆ, ಮುಂದೆ ಇಂಥ ಅವಕಾಶ ಬಂದಾಗ ತವರಿನ ಹಣ ಮೊದಲು ಹೋಗಬೇಕಾದ್ದು ಅಲ್ಲಿಗೆ. ಇನ್ನು ಪರವಾನಗಿ, ನೋಂದಣಿ ಏನೂ ಇಲ್ಲದೆ ಸಾಲ ಕೊಟ್ಟು ಮನೆ ಮುಂದೆ ಕೂತು ಕಿರುಕುಳ ಕೊಡುವವರಿಗೆ 2025ರ ಕರ್ನಾಟಕದ ಕಿರುಸಾಲ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಅಂಥವರಿಗೆ ಹೆದರಿ ತಮ್ಮನ ಹಣ ಸುರಿಯುವ ಮೊದಲು ಪೊಲೀಸ್ ಠಾಣೆಯಲ್ಲಿ ಒಂದು ಮಾತು ಕೇಳಿ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು. ತಮ್ಮ ಕೊಡುತ್ತಿರುವುದು ಏನು? ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದೋ, ಕೈಗಡವೋ, ಸಾಲವೋ? ಇವತ್ತು 'ಇರ್ಲಿ ಬಿಡಕ್ಕಾ' ಅಂದವನು ಅವನೇ. ಆದರೆ ನಾಳೆ ಅಪ್ಪನ ಹೊಲ ಪಾಲಾಗುವಾಗ 'ನಿನ್ನ ಪಾಲು ಆವತ್ತೇ ಕೊಟ್ಟಾಯ್ತಲ್ಲ' ಅಂತ ಹೇಳುವವರು ಬೇರೆ ಯಾರೋ ಆಗಿರಬಹುದು. ಅತ್ತಿಗೆಯಾದರೂ, ನಾದಿನಿಯಾದರೂ ಅವರ ಮನಸ್ಸು ಕೆಟ್ಟದ್ದು ಅಂತಲ್ಲ, ಅವರಿಗೂ ಮಕ್ಕಳಿದ್ದಾರೆ. ಅದಕ್ಕೇ ಅವನ ಹೆಂಡತಿಯನ್ನೂ ನಿಮ್ಮ ಯಜಮಾನರನ್ನೂ ಕೂರಿಸಿಕೊಂಡು ಮಾತಾಡಿ. ಎಷ್ಟು, ಯಾವತ್ತಿನಿಂದ ವಾಪಸ್, ತಿಂಗಳಿಗೆ ಎಷ್ಟು, ಬಡ್ಡಿ ಇದೆಯೋ ಇಲ್ಲವೋ, ತವರಿನ ಆಸ್ತಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗಂಡನಿಗೆ ಗೊತ್ತಾಗದ ಹಾಗೆ ಮುಗಿಸ್ತೀನಿ ಅನ್ನುವವರಿಗೆ ನನ್ನದೊಂದೇ ಮಾತು: ಊರಿಗೆಲ್ಲ ಗೊತ್ತಿರುವ ಸಾಲ ಅವರೊಬ್ಬರಿಗೇ ಗೊತ್ತಿಲ್ಲದೆ ಇರುತ್ತದಾ?

ಹಣ ಕಟ್ಟಿದ ದಿನವೇ ರಸೀದಿ, ಆಮೇಲೆ 'ಬಾಕಿ ಇಲ್ಲ' ಪತ್ರ ಕೇಳಿ ಪಡೆಯಿರಿ. ಮನೆಯ ಪತ್ರ ಅಡವಿಟ್ಟಿದ್ದರೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ನಿಮಗೆ ಕೊಡಬೇಕು. ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತರಿಸಿ, ವರ್ಷಕ್ಕೊಂದು ಉಚಿತ. ಅದರಲ್ಲಿ ಈ ಸಾಲ 'ಕ್ಲೋಸ್ಡ್' ಅಂತ ಬಂದಿದೆಯಾ ನೋಡಿ, ಬಂದಿದ್ದರೆ ಅದರ ಒಂದು ಪ್ರತಿ ತಮ್ಮನಿಗೂ ಕಳಿಸಿ.